ಹಾಡಿಗೆ ನಕ್ಕವರಿಗೆ ನಮ್ಮ ಉತ್ತರ

ಕಳೆದ ಮೇ ದಿನದ ಸಂಜೆ ನಮ್ಮ ಊರಿನ ಬಯಲು ಸಭೆಯಲ್ಲಿ ನಡೆದ ಸಂಗತಿ ವಾಚಕರಿಗೆ ನೆನಪಿರಬಹುದು. ಮೆರವಣಿಗೆ ಮುಗಿದು ಭಾಷಣಗಳು ಆರಂಭವಾಗುವ ಮುನ್ನ ಮಂಗಳಮುಖಿಯರ ಒಂದು ಸಣ್ಣ ತಂಡ ಹಾಡಲೆಂದು ವೇದಿಕೆ ಹತ್ತಿತು. ಅವರಾಗಿ ಬಂದವರಲ್ಲ, ಕರೆದವರು ನಾವು. ಮೊದಲ ಹಾಡು ಮುಗಿಯುವ ಮೊದಲೇ ಹಿಂದಿನ ಸಾಲುಗಳಿಂದ ಶಿಳ್ಳೆ ಎದ್ದಿತು, ನಗೆ ಎದ್ದಿತು, ಯಾರೋ ಚಪ್ಪಾಳೆ ತಟ್ಟಿ ಅಣಕಿಸಿದರು. ಅಧ್ಯಕ್ಷತೆ ವಹಿಸಿದ್ದವರು ಮೈಕು ತೆಗೆದುಕೊಂಡು "ಇಷ್ಟು ಸಾಕು, ವೇಳೆಯಾಯಿತು" ಎಂದರು. ತಂಡದವರು ಮಾತಿಲ್ಲದೆ ಇಳಿದು ಹೋದರು. ವೇದಿಕೆಯ ಮೇಲೆ ನಾವೂ ಕುಳಿತಿದ್ದೆವು. ನಾವು ಬಾಯಿ ಬಿಡಲಿಲ್ಲ.

ಮುಂದಿನ ವಾರ ಈ ಪತ್ರಿಕೆಯಲ್ಲಿ ಹತ್ತು ಸಾಲಿನ ಒಂದು ಟಿಪ್ಪಣಿ ಬರೆದೆವು. ಇಂಥ ಜನ ಲೋಕದ ಬೇರೆ ಬೇರೆ ಕಡೆಗಳಲ್ಲಿ ಕೆಲವು ಜನಪ್ರಿಯ ಹಾಡುಗಳನ್ನು ತಮ್ಮ ಧ್ವಜಗೀತೆಯಂತೆ ಹಾಡಿಕೊಂಡು ಬಂದಿದ್ದಾರೆ, ಹಾಡಿಗೆ ನಕ್ಕ ಸಭೆ ತನ್ನ ಚರಿತ್ರೆಗೇ ನಕ್ಕಂತೆ ಎಂಬುದು ಅದರ ಸಾರಾಂಶ. ಆ ಹತ್ತು ಸಾಲಿಗೆ ಬಂದ ಪತ್ರಗಳು ಗಿರಣಿಯ ಬೋನಸ್ಸಿನ ಬಗ್ಗೆ ಬರೆದ ಹತ್ತು ಲೇಖನಗಳಿಗೂ ಬಂದಿರಲಿಲ್ಲ! ಅವುಗಳಲ್ಲಿ ಮೂರಕ್ಕೆ ಇಲ್ಲಿ ಉತ್ತರ ಕೊಡುತ್ತೇವೆ. ಮೂರನ್ನೂ ಬರೆದವರು ನಮ್ಮವರೇ. ಹೊರಗಿನವರು ಬರೆದಿದ್ದರೆ ಇಷ್ಟು ಜಾಗ ವ್ಯಯಿಸುತ್ತಿರಲಿಲ್ಲ.

ಗಿರಣಿಯ ಸಂಗಾತಿಯೊಬ್ಬರು ಹೀಗೆ ಕೇಳಿದ್ದಾರೆ: "ಬೋನಸ್ಸಿನ ಬಾಕಿ ಬಂದಿಲ್ಲ, ಭವಿಷ್ಯನಿಧಿಯ ಲೆಕ್ಕ ಸಿಕ್ಕಿಲ್ಲ. ಹೊಟ್ಟೆಯ ಪ್ರಶ್ನೆ ಹೀಗಿರುವಾಗ ಇವರ ಹಾಡು ಯಾರಿಗೆ ಬೇಕು?" ಕಿರಾಣಿ ವ್ಯಾಪಾರಿ ಮಿತ್ರರೊಬ್ಬರು, "ಅಂಗಡಿಯ ಮುಂದೆ ಕೈಚಾಚಿ ನಿಲ್ಲುವವರನ್ನು ಮೇ ದಿನದ ವೇದಿಕೆಗೆ ಹತ್ತಿಸಿದಿರಿ" ಎಂದು ನೊಂದುಕೊಂಡಿದ್ದಾರೆ. ಪಕ್ಷದ ಹಿರಿಯರೊಬ್ಬರ ಅಭಿಪ್ರಾಯದಲ್ಲಿ ಇದು ಅಮೆರಿಕೆಯ ಕಂಪನಿಗಳ ದುಡ್ಡಿನಲ್ಲಿ ಬಂದ ಫ್ಯಾಷನ್ನು. ಅವರ ಹಾಡೂ ಅವರ ಕಾಮನಬಿಲ್ಲಿನ ಬಾವುಟವೂ ನಮಗೆ ಬೇಡ.

ಹಿರಿಯರಿಂದಲೇ ಆರಂಭಿಸೋಣ.

ಅಮೆರಿಕೆಯಿಂದ ಬಂದದ್ದೆಲ್ಲ ಬೇಡವೆಂದರೆ ಮೇ ದಿನವನ್ನೂ ಬಿಡಬೇಕಾಗುತ್ತದೆ. ಅದು ಹುಟ್ಟಿದ್ದು 1886ರ ಷಿಕಾಗೋ ನಗರದಲ್ಲಿ, ಎಂಟು ಗಂಟೆಯ ದುಡಿಮೆಗಾಗಿ ಹೋರಾಡಿದ ಕೂಲಿಕಾರರ ನೆತ್ತರಿನಲ್ಲಿ. ಅಮೆರಿಕೆಯೆಂದರೆ ಕಂಪನಿಗಳು ಮಾತ್ರವಲ್ಲ. ಆ ಕಂಪನಿಗಳ ಕೈಯಲ್ಲಿ ಏಟು ತಿಂದವರೂ ಅಲ್ಲಿದ್ದಾರೆ. ಹಾಡು ಯಾರದೆಂದು ಕೇಳುವ ಮೊದಲು ಅದನ್ನು ಕಟ್ಟಿದವರಾರೆಂದು ಕೇಳೋಣ.

ಸಲಿಂಗ ಪ್ರೇಮಿಗಳು ತಮ್ಮದೆಂದು ಎದೆಗೆ ಹಚ್ಚಿಕೊಂಡ ಹಳೆಯ ಹಾಡುಗಳಲ್ಲಿ ಹೆಸರಾದದ್ದು 'ಓವರ್ ದಿ ರೇನ್‌ಬೋ'. 1939ರ 'ದಿ ವಿಜರ್ಡ್ ಆಫ್ ಆಜ್' ಚಿತ್ರದಲ್ಲಿ ಜೂಡಿ ಗಾರ್ಲೆಂಡ್ ಎಂಬ ಎಳೆಯ ನಟಿ ಅದನ್ನು ಹಾಡಿದಳು. ರಾಗ ಹೆರಾಲ್ಡ್ ಆರ್ಲೆನ್‌ನದು, ಮಾತು ಯಿಪ್ ಹಾರ್ಬರ್ಗ್‌ನದು. ಹಾರ್ಬರ್ಗ್ ನ್ಯೂಯಾರ್ಕಿನ ಬಡವರ ಕೇರಿಯಲ್ಲಿ, ಬಟ್ಟೆ ಹೊಲಿಯುವ ಕಾರ್ಖಾನೆಗೆ ದುಡಿಯುತ್ತಿದ್ದ ಯೆಹೂದಿ ವಲಸೆಗಾರರ ಮನೆಯಲ್ಲಿ ಬೆಳೆದವನು. ದೊಡ್ಡವನಾಗಿ ವಿದ್ಯುತ್ ಸಾಮಾನಿನ ವ್ಯಾಪಾರ ಮಾಡಿದ. 1929ರಲ್ಲಿ ಷೇರು ಪೇಟೆ ಕುಸಿದಾಗ ಆ ವ್ಯಾಪಾರ ಮುಳುಗಿತು. ನಮ್ಮ ವ್ಯಾಪಾರಿ ಮಿತ್ರರು ಇದನ್ನು ಗಮನಿಸಬೇಕು: ಸಾಲದಲ್ಲಿ ಮುಳುಗಿದ ಒಬ್ಬ ಅಂಗಡಿಕಾರ ಹಾಡು ಬರೆಯಲು ಕುಳಿತ. 1932ರಲ್ಲಿ ಕೆಲಸವಿಲ್ಲದ ಕೂಲಿಕಾರನ ಬಾಯಲ್ಲಿ ಆತ ಇಟ್ಟ 'ಬ್ರದರ್, ಕ್ಯಾನ್ ಯು ಸ್ಪೇರ್ ಎ ಡೈಮ್?' ಎಂಬ ಗೀತೆ ಆ ದೇಶದ ನಿರುದ್ಯೋಗಿಗಳ ಗೀತೆಯೇ ಆಯಿತು. ಆತ ಸಮಾಜವಾದಿ. ಆ ಕಾರಣದಿಂದಲೇ 1950ರ ದಶಕದಲ್ಲಿ ಹಾಲಿವುಡ್ಡಿನ ಮಾಲೀಕರು ಅವನ ಹೆಸರನ್ನು ಕಪ್ಪು ಪಟ್ಟಿಗೆ ಸೇರಿಸಿ ಚಿತ್ರರಂಗದ ಬಾಗಿಲು ಮುಚ್ಚಿದರು.

ಕಾಮನಬಿಲ್ಲಿನ ಆ ಹಾಡನ್ನು ಚಿತ್ರ ತಯಾರಿಸಿದ ಕಂಪನಿಯ ದೊಡ್ಡವರು ಕತ್ತರಿಸಿ ಎಸೆಯಬೇಕೆಂದಿದ್ದರು. ಉಳಿದುಕೊಂಡದ್ದು ಕೆಲವರ ಹಟದಿಂದ. ಅದರಲ್ಲಿ ಸಲಿಂಗ ಪ್ರೇಮದ ಮಾತೇ ಇಲ್ಲ. ಬೇಸತ್ತ ಹಳ್ಳಿಯ ಹುಡುಗಿಯೊಬ್ಬಳು ಕಷ್ಟವಿಲ್ಲದ ಒಂದು ನಾಡನ್ನು ನೆನೆಯುತ್ತಾಳೆ, ಅಷ್ಟೆ. ಆದರೆ ತಾನು ಹುಟ್ಟಿದ ಊರಿನಲ್ಲಿ ತನಗೆ ಎಡೆಯಿಲ್ಲವೆಂದು ತಿಳಿದವನು ಅದನ್ನು ಕೇಳಿದಾಗ ತನ್ನದೇ ಮಾತನ್ನು ಕೇಳಿದ. ಬಾಯಿ ಬಿಟ್ಟು ಹೇಳಿಕೊಂಡರೆ ಜೈಲು, ಕೆಲಸಕ್ಕೆ ಕುತ್ತು ಎಂಬಂಥ ಕಾಲದಲ್ಲಿ ಅಮೆರಿಕೆಯ ಗಂಡಸರು ಪರಸ್ಪರ ಗುರುತಿಗಾಗಿ 'ನೀನು ಡೊರೊತಿಯ ಗೆಳೆಯನೇ?' ಎಂದು ಕೇಳುತ್ತಿದ್ದರು. ಡೊರೊತಿ ಆ ಚಿತ್ರದ ಹುಡುಗಿಯ ಹೆಸರು.

1969ರ ಜೂನ್ 27ರಂದು ಜೂಡಿ ಗಾರ್ಲೆಂಡಳ ಅಂತ್ಯಕ್ರಿಯೆ ನ್ಯೂಯಾರ್ಕಿನಲ್ಲಿ ನಡೆಯಿತು. ಆ ರಾತ್ರಿ ಕಳೆದು 28ರ ನಸುಕಿನಲ್ಲಿ ಅದೇ ನಗರದ ಸ್ಟೋನ್‌ವಾಲ್ ಎಂಬ ಪಾನಗೃಹಕ್ಕೆ ಪೋಲೀಸರು ನುಗ್ಗಿದಾಗ, ಅಲ್ಲಿದ್ದ ಸಲಿಂಗ ಪ್ರೇಮಿಗಳೂ ಹೆಣ್ಣುಡುಗೆಯ ಗಂಡುಗಳೂ ಮೊದಲಿನಂತೆ ತಲೆ ತಗ್ಗಿಸದೆ ತಿರುಗಿ ನಿಂತರು. ನಟಿಯ ಸಾವಿನ ದುಃಖವೇ ಈ ದಂಗೆಗೆ ಕಾರಣವೆಂದು ಕೆಲವರು ಕಥೆ ಕಟ್ಟಿದ್ದಾರೆ. ನಾವು ಅದನ್ನು ಒಪ್ಪುವುದಿಲ್ಲ. ವರ್ಷಗಟ್ಟಲೆ ಲಾಠಿ ತಿಂದವನು ಎದುರು ನಿಲ್ಲುವುದಕ್ಕೆ ಚಿತ್ರನಟಿಯ ಸಾವು ಬೇಕಿಲ್ಲ. ಹಾಡು ದಂಗೆಯನ್ನು ಹುಟ್ಟಿಸುವುದಿಲ್ಲ. ದಂಗೆಯೇಳುವ ದಿನದವರೆಗೆ ಮನುಷ್ಯನನ್ನು ಬದುಕಿಸಿಡುತ್ತದೆ. ಇದು ಸಣ್ಣ ಕೆಲಸವಲ್ಲ.

ಇನ್ನೊಂದು ಹಾಡು 1978ರದು, ಗ್ಲೋರಿಯಾ ಗೇನರ್ ಎಂಬ ಕರಿಯ ಗಾಯಕಿಯ 'ಐ ವಿಲ್ ಸರ್ವೈವ್'. ಬಿಟ್ಟುಹೋದ ಗಂಡಸಿಗೆ ಹೆಣ್ಣೊಬ್ಬಳು, ನೀನಿಲ್ಲದೆಯೂ ಬದುಕಬಲ್ಲೆನೆಂದು ಹೇಳುವ ಹಾಡು. ಅದನ್ನು ಬರೆದ ಇಬ್ಬರಲ್ಲಿ ಒಬ್ಬನಾದ ಡಿನೋ ಫೆಕಾರಿಸ್‌ನನ್ನು ಅದಕ್ಕೆ ಮೊದಲು ಧ್ವನಿಮುದ್ರಣ ಕಂಪನಿಯೊಂದು ಕೆಲಸದಿಂದ ತೆಗೆದಿತ್ತು. ಕೆಲಸ ಕಳೆದುಕೊಂಡವನ ಹಟ ಆ ಹಾಡಿನಲ್ಲಿದೆ. ಕಂಪನಿ ಅದನ್ನು ತಟ್ಟೆಯ ಹಿಂಬದಿಯಲ್ಲಿ ಹಾಕಿ ಬೇರೊಂದನ್ನು ಮುಂಬದಿಯಲ್ಲಿ ಮಾರಹೊರಟಿತು. ನೃತ್ಯಶಾಲೆಗಳಲ್ಲಿ ತಟ್ಟೆ ನುಡಿಸುವವರು ಅದನ್ನು ತಿರುವಿ ಹಾಕಿದರು. ಕುಣಿಯುವ ಜನ ಅದನ್ನು ಗೆಲ್ಲಿಸಿದರು. 1981ರ ನಂತರ ಏಡ್ಸ್ ರೋಗ ಬಂದು ಸಲಿಂಗ ಪ್ರೇಮಿಗಳು ಸಾಲುಸಾಲಾಗಿ ಸತ್ತಾಗ, ಸರ್ಕಾರ ಕಣ್ಣು ಮುಚ್ಚಿ ಕುಳಿತಾಗ, ಉಳಿದವರಿಗೆ ಆ ಹಾಡಿನ ಅರ್ಥವೇ ಬೇರೆಯಾಯಿತು. ಬದುಕಿರುವುದೇ ಒಂದು ಹೋರಾಟವಾದ ಜನಕ್ಕೆ ಅಂಥ ಹಾಡು ಬೇಕಾಗುತ್ತದೆ. ಮುಷ್ಕರದ ನಾಲ್ಕನೆಯ ತಿಂಗಳಲ್ಲಿ ಒಲೆ ಹಚ್ಚದ ಮನೆಯಲ್ಲಿ ಕುಳಿತವರಿಗೆ ನಾವು ಇದನ್ನು ವಿವರಿಸಬೇಕೆ?

ಕಂಪನಿಗಳ ವಿಷಯದಲ್ಲಿ ಮಾತ್ರ ಹಿರಿಯರ ಮಾತಿನಲ್ಲಿ ಸತ್ಯವಿದೆ, ಅದನ್ನು ಮರೆಮಾಚುವುದಿಲ್ಲ. ಜೂನ್ ತಿಂಗಳು ಬಂದರೆ ಸಾಬೂನಿಗೂ ಪಾನೀಯಕ್ಕೂ ಕಾಮನಬಿಲ್ಲಿನ ಬಣ್ಣ ಬಳಿದು ಮಾರುವ ಬಂಡವಾಳಗಾರರು ಲೋಕದಲ್ಲಿದ್ದಾರೆ. ಗದ್ದಲವಾದರೆ ಬಣ್ಣ ಒರೆಸುವವರೂ ಅವರೇ. 2023ರಲ್ಲಿ ಅಮೆರಿಕೆಯ ಟಾರ್ಗೆಟ್ ಎಂಬ ಭಾರಿ ಮಳಿಗೆ ಅಂಥ ಸರಕಿನಲ್ಲಿ ಕೆಲವನ್ನು ಕಪಾಟಿನಿಂದ ಇಳಿಸಿತು. ಇದಕ್ಕಿಂತ ನಾಚಿಕೆಗೇಡಿನ ಕಥೆ 'ವೈ.ಎಂ.ಸಿ.ಎ.' ಎಂಬ 1978ರ ಹಾಡಿನದು. ಕಟ್ಟಡ ಕೆಲಸಗಾರ, ಪೋಲೀಸಿನವ, ದನಗಾಹಿ ಮುಂತಾದ ವೇಷ ತೊಟ್ಟ ವಿಲೇಜ್ ಪೀಪಲ್ ತಂಡ ಅದನ್ನು ಹಾಡಿತು. ಸಲಿಂಗ ಪ್ರೇಮಿಗಳ ಕೂಟಗಳಲ್ಲಿ ಅದು ನಾಲ್ಕು ದಶಕ ಮೊಳಗಿತು. ಡೊನಾಲ್ಡ್ ಟ್ರಂಪ್ ಅದನ್ನು ತನ್ನ ಚುನಾವಣಾ ಸಭೆಗಳ ಕುಣಿತಕ್ಕೆ ಎತ್ತಿಕೊಂಡ. 2024ರ ಡಿಸೆಂಬರಿನಲ್ಲಿ, ಅದನ್ನು ಬರೆದವರಲ್ಲಿ ಒಬ್ಬನಾದ ವಿಕ್ಟರ್ ವಿಲ್ಲಿಸ್, ಇದು ಸಲಿಂಗಿಗಳ ಗೀತೆಯೇ ಅಲ್ಲ, ಹಾಗೆಂದು ಬರೆಯುವ ಪತ್ರಿಕೆಗಳ ಮೇಲೆ ದಾವೆ ಬೀಳುತ್ತದೆ ಎಂದ. 2025ರ ಜನವರಿ 19ರಂದು ಆ ತಂಡ ಟ್ರಂಪನ ವಿಜಯೋತ್ಸವದಲ್ಲಿ ಹಾಡಿತು, ಆತ ಕುಣಿದ. ಮರುದಿನ ಅಧಿಕಾರ ವಹಿಸಿದವನೇ, ಗಂಡು ಹೆಣ್ಣು ಎಂಬ ಎರಡಲ್ಲದೆ ಬೇರೆ ಯಾವುದನ್ನೂ ತನ್ನ ಸರ್ಕಾರ ಒಪ್ಪದೆಂಬ ಆಜ್ಞೆಗೆ ರುಜು ಹಾಕಿದ. ವಾರದೊಳಗೆ ಲಿಂಗ ಬದಲಿಸಿಕೊಂಡವರನ್ನು ಸೈನ್ಯದಿಂದ ದೂಡುವ ಆಜ್ಞೆಯೂ ಹೊರಟಿತು. ಹಾಡು ಬೇಕು, ಹಾಡುವ ಜನ ಬೇಡ!

ಈ ನೀತಿ ನಮಗೆ ಹೊಸದೇ? ಗಿರಣಿಯ ಬಟ್ಟೆ ಬೇಕು, ನೇಯ್ದವನ ಕೆಮ್ಮು ಬೇಡ. ಹಬ್ಬದಲ್ಲಿ ದಲಿತರ ಹಲಗೆಯ ಸದ್ದು ಬೇಕು, ಬಾರಿಸಿದವನು ಹೊಸ್ತಿಲು ದಾಟಬಾರದು. ಕಂಪನಿಗಳು ಹಾಡನ್ನು ಕದ್ದವೆಂಬ ಕಾರಣಕ್ಕೆ ಹಾಡಿನ ಒಡೆಯರನ್ನೇ ಹೊರಗಟ್ಟುವುದಾದರೆ, ಕಳವಾದ ಮನೆಯವನಿಗೇ ಬೇಡಿ ತೊಡಿಸಿದಂತಾಯಿತು.

ಇನ್ನು ಗಿರಣಿಯ ಸಂಗಾತಿಯ ಹೊಟ್ಟೆಯ ಪ್ರಶ್ನೆ. ಮೂರರಲ್ಲಿ ಭಾರವಾದದ್ದು ಇದೇ. ಇದಕ್ಕೆ ಉತ್ತರವನ್ನು ನಾವು ಹೇಳುವುದಕ್ಕಿಂತ ಬ್ರಿಟನ್ನಿನ ಕಲ್ಲಿದ್ದಲು ಗಣಿಯವರು ಹೇಳಲಿ.

1984ರ ಮಾರ್ಚಿಯಲ್ಲಿ ಥ್ಯಾಚರ್ ಸರ್ಕಾರದ ಕಲ್ಲಿದ್ದಲು ಮಂಡಳಿ ಇಪ್ಪತ್ತು ಗಣಿಗಳನ್ನು ಮುಚ್ಚುವುದಾಗಿ ಸಾರಿತು. ಇಪ್ಪತ್ತು ಸಾವಿರ ಮಂದಿಯ ಕೆಲಸ ಹೋಗುವುದಿತ್ತು. ಗಣಿಯವರು ಕೆಲಸ ನಿಲ್ಲಿಸಿದರು. ಒಂದು ವರ್ಷ ನಿಲ್ಲಿಸಿದರು. ಪೋಲೀಸು, ಕೋರ್ಟು, ಪತ್ರಿಕೆಗಳು ಎಲ್ಲವೂ ಅವರ ಮೇಲೆ ಬಿದ್ದವು. ಕೋರ್ಟು ಸಂಘದ ನಿಧಿಯನ್ನೇ ಜಪ್ತಿ ಮಾಡಿತು. ಹಳ್ಳಿಹಳ್ಳಿಗಳಲ್ಲಿ ಹೆಂಗಸರು ಸಾಮೂಹಿಕ ಅಡಿಗೆಮನೆ ತೆರೆದು ಮಕ್ಕಳಿಗೆ ಉಣ್ಣಿಸಿದರು.

ಅದೇ ಬೇಸಗೆಯಲ್ಲಿ ಇಂಗ್ಲೆಂಡಿನಲ್ಲಿ ಒಂದು ಹಾಡು ಎಲ್ಲೆಲ್ಲೂ ಕೇಳಿಬರುತ್ತಿತ್ತು: 'ಸ್ಮಾಲ್‌ಟೌನ್ ಬಾಯ್', ಅಂದರೆ ಸಣ್ಣ ಊರಿನ ಹುಡುಗ. ಹಾಡಿದ ಬ್ರಾನ್ಸ್ಕಿ ಬೀಟ್ ತಂಡದ ಮೂವರೂ ತಾವು ಸಲಿಂಗ ಪ್ರೇಮಿಗಳೆಂದು ಬಚ್ಚಿಡದೆ ಹೇಳಿಕೊಂಡವರು. ಗಾಯಕ ಜಿಮ್ಮಿ ಸಾಮರ್ವಿಲ್ ಗ್ಲಾಸ್ಗೋ ನಗರದವನು. ಊರಿನಲ್ಲಿ ಹೊಡೆತ ತಿಂದು, ಮನೆಯಲ್ಲಿ ಎಡೆ ಸಿಗದೆ, ಬೆಳಗಿನ ರೈಲು ಹತ್ತುವ ಹುಡುಗನ ಕಥೆ ಅದು. ಹಾಡಿಗಾಗಿ ತೆಗೆದ ಚಿತ್ರದಲ್ಲಿ ತಂದೆ ಮಗನ ಕೈಗೆ ದಾರಿಖರ್ಚಿನ ನೋಟು ಕೊಡುತ್ತಾನೆ. ಮಗ ಚಾಚಿದ ಕೈಯನ್ನು ಮಾತ್ರ ಮುಟ್ಟುವುದಿಲ್ಲ.

ಇಂಥ ಸಣ್ಣ ಊರುಗಳಿಂದ ಲಂಡನ್ನಿಗೆ ಓಡಿಬಂದವರೇ ಆ ವರ್ಷ ಗಣಿಯವರಿಗೆಂದು ಬೀದಿಯಲ್ಲಿ ಬಕೀಟು ಹಿಡಿದು ನಿಂತರು. ಮಾರ್ಕ್ ಆಷ್ಟನ್ ಎಂಬ ಇಪ್ಪತ್ತನಾಲ್ಕರ ಕಮ್ಯೂನಿಸ್ಟ್ ತರುಣನೂ ಮೈಕ್ ಜ್ಯಾಕ್ಸನ್ ಎಂಬವನೂ ಕೂಡಿ 'ಗಣಿಯವರ ಬೆಂಬಲಕ್ಕೆ ಸಲಿಂಗ ಪ್ರೇಮಿಗಳು' ಎಂಬ ಸಂಘ ಕಟ್ಟಿದರು. ಅವರ ತರ್ಕ ನೇರವಾಗಿತ್ತು. ನಮ್ಮನ್ನು ಹೊಡೆಯುವ ಪೋಲೀಸರೇ ಗಣಿಯವರನ್ನೂ ಹೊಡೆಯುತ್ತಿದ್ದಾರೆ, ನಮ್ಮ ಬಗ್ಗೆ ಸುಳ್ಳು ಬರೆಯುವ ಪತ್ರಿಕೆಗಳೇ ಅವರ ಬಗ್ಗೆಯೂ ಬರೆಯುತ್ತಿವೆ. ಹಾಗಿದ್ದ ಮೇಲೆ ನಾವು ಬೇರೆ ಹೇಗೆ? ಅವರು ಸೌತ್ ವೇಲ್ಸಿನ ಡುಲೈಸ್ ಕಣಿವೆಯ ಗಣಿಯವರಿಗೆ ಹಣ ಕಳಿಸಿದರು, ಒಂದು ವ್ಯಾನು ಕೊಡಿಸಿದರು, ತಾವೇ ಅಲ್ಲಿಗೆ ಹೋದರು. ಪ್ರಾರ್ಥನಾ ಮಂದಿರ, ಕಾಲ್ಚೆಂಡು, ಗಡಸು ಗಂಡಸುತನ ಇವುಗಳಲ್ಲಿ ಬೆಳೆದ ಜನ ಮೊದಲು ಮುಜುಗರಪಟ್ಟರು. ನಂತರ ಮನೆಗೆ ಕರೆದು ಊಟಕ್ಕಿಟ್ಟರು.

1984ರ ಡಿಸೆಂಬರ್ 10ರಂದು ಲಂಡನ್ನಿನ ಕ್ಯಾಮ್ಡೆನ್ ಭಾಗದ ಎಲೆಕ್ಟ್ರಿಕ್ ಬಾಲ್‌ರೂಮಿನಲ್ಲಿ ಗಣಿಯವರ ಸಹಾಯಾರ್ಥ ಸಂಗೀತ ಸಭೆ ನಡೆಯಿತು. ತಮ್ಮನ್ನು ಬೈಯುವ ಕೀಳು ಮಾತನ್ನೇ ಅವರು ಆ ಸಭೆಗೆ ಹೆಸರಾಗಿ ಇಟ್ಟಿದ್ದರು. ಮುಖ್ಯವಾಗಿ ಹಾಡಿದ್ದು ಬ್ರಾನ್ಸ್ಕಿ ಬೀಟ್. ಕೂಡಿದ ಹಣ 5,650 ಪೌಂಡು. ಗಣಿಯವರ ಪರವಾಗಿ ಡೈ ಡೊನೊವನ್ ಎಂಬವನು ವೇದಿಕೆ ಹತ್ತಿ ಮಾತನಾಡಿದ. ನೀವು ನಮ್ಮ ಬಿಲ್ಲೆಯನ್ನು ಎದೆಗೆ ತೊಟ್ಟಿದ್ದೀರಿ, ಇನ್ನು ಮುಂದೆ ನಿಮ್ಮದನ್ನು ನಾವು ತೊಡುತ್ತೇವೆ ಎಂಬುದು ಅವನ ಮಾತಿನ ತಾತ್ಪರ್ಯ.

ಮುಷ್ಕರ 1985ರ ಮಾರ್ಚಿಯಲ್ಲಿ ಸೋತಿತು. ಗಣಿಗಳು ಮುಚ್ಚಿದವು. ಹಾಡಿನಿಂದ ಗಣಿ ಉಳಿಯಿತೆಂದು ನಾವು ಸುಳ್ಳು ಹೇಳುವುದಿಲ್ಲ. ಆದರೆ ಅದೇ ಜೂನಿನಲ್ಲಿ ಲಂಡನ್ನಿನಲ್ಲಿ ಸಲಿಂಗ ಪ್ರೇಮಿಗಳ ವಾರ್ಷಿಕ ಮೆರವಣಿಗೆ ಹೊರಟಾಗ, ಅದರ ತಲೆಯಲ್ಲಿ ಸಂಘದ ಬಾವುಟ ಹಿಡಿದು ನಡೆದವರು ಗಣಿಯವರು. ಅದೇ ವರ್ಷ ಲೇಬರ್ ಪಕ್ಷದ ಮಹಾಧಿವೇಶನದಲ್ಲಿ ಇವರ ಹಕ್ಕುಗಳ ಗೊತ್ತುವಳಿ ಬಂದಾಗ ಗಣಿ ಕಾರ್ಮಿಕ ಸಂಘ ತನ್ನ ಮತಗಳನ್ನೆಲ್ಲ ಒಟ್ಟಾಗಿ ಅದರ ಪರ ಹಾಕಿತು, ಗೊತ್ತುವಳಿ ಗೆದ್ದಿತು. ಮಾರ್ಕ್ ಆಷ್ಟನ್ 1987ರಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ ಏಡ್ಸಿನಿಂದ ಸತ್ತ. ಗಣಿಯವರಿಗೆ ಆತ ಇಂದಿಗೂ ಸಂಗಾತಿಯೇ.

ಹೊಟ್ಟೆಯ ಹೋರಾಟವೋ ಹಾಡಿನ ಹೋರಾಟವೋ ಎಂದು ಕೇಳುವ ಸಂಗಾತಿಯೇ, ಉಪವಾಸ ಬಿದ್ದ ಗಣಿಯವರು ಆ ಎರಡನ್ನು ತಕ್ಕಡಿಯ ಎರಡು ತಟ್ಟೆಗೆ ಹಾಕಿ ತೂಗಲಿಲ್ಲ. ಹೊಟ್ಟೆಗೆ ಕೊಟ್ಟವರ ಮಾನವನ್ನು ತಾವು ಕಾಯಬೇಕೆಂದು ತಿಳಿದರು. ನಿಮ್ಮ ಬೋನಸ್ಸಿನ ಬಾಕಿಯನ್ನು ನುಂಗಿದವನು ಮಂಗಳಮುಖಿಯೇ? ಭವಿಷ್ಯನಿಧಿಯ ಲೆಕ್ಕ ಮುಚ್ಚಿಟ್ಟವರು ಅಂದು ವೇದಿಕೆಯಿಂದ ಇಳಿದು ಹೋದ ಆ ನಾಲ್ವರೇ? ನುಂಗಿದವನು ಆ ಸಂಜೆ ಸಭೆಗೇ ಬಂದಿರಲಿಲ್ಲ. ನಮ್ಮ ಶಿಳ್ಳೆ ಅವನಿಗೆ ತಾಕಲಿಲ್ಲ, ತಾಕಿದ್ದು ನಮಗಿಂತ ಬಡವರಿಗೆ.

ಕಿರಾಣಿ ಮಿತ್ರರೇ, ನಿಮ್ಮ ಕಷ್ಟ ನಮಗೆ ಗೊತ್ತು. ಉದ್ರಿ ವಸೂಲಾಗದ ದಿನ ಗಲ್ಲದ ಮುಂದೆ ಕೈಚಾಚಿದವರನ್ನು ಕಂಡರೆ ಸಿಟ್ಟು ಬರುವುದು ಸಹಜ. ಆದರೆ ನಮ್ಮ ಊರಿನ ಎಷ್ಟು ಅಂಗಡಿಗಳಲ್ಲಿ, ಎಷ್ಟು ಗೋದಾಮುಗಳಲ್ಲಿ, ಎಷ್ಟು ಹೊಲಿಗೆ ಕಾರ್ಖಾನೆಗಳಲ್ಲಿ ಅವರಿಗೆ ಕೆಲಸ ಕೊಟ್ಟಿದ್ದೇವೆ? ಯಾರು ಬಾಡಿಗೆಗೆ ಕೋಣೆ ಕೊಟ್ಟಿದ್ದೇವೆ? ಎಲ್ಲ ಬಾಗಿಲನ್ನೂ ಮುಚ್ಚಿ, ಹೊರಗೇಕೆ ನಿಂತಿದ್ದಾರೆಂದು ಕೇಳುವುದು ನ್ಯಾಯದ ವ್ಯಾಪಾರವಲ್ಲ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಭಿಕ್ಷೆ ಬೇಡಿದ ದಿನಗಳನ್ನು ತಾವೇ ಹೇಳಿಕೊಂಡಿದ್ದಾರೆ. ಎಲ್ಲಮ್ಮನ ಹಾಡು, ಕುಣಿತಗಳನ್ನು ಕಲಿತು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ರಾಷ್ಟ್ರಪತಿಗಳ ಸಭಾಂಗಣದಲ್ಲಿ ಯಾರೂ ಶಿಳ್ಳೆ ಹಾಕಲಿಲ್ಲ. ಅದೇ 2021ರಲ್ಲಿ ನಮ್ಮ ರಾಜ್ಯ ಸರ್ಕಾರ ತನ್ನ ನೌಕರಿಗಳಲ್ಲಿ ಇವರಿಗೆ ನೂರಕ್ಕೊಂದು ಪಾಲನ್ನು ಕಾದಿರಿಸುವ ನಿಯಮ ಮಾಡಿತು. 1860ರಲ್ಲಿ ಬ್ರಿಟಿಷರು ಬರೆದ 377ನೆಯ ಕಲಮಿನ ಅಡಿ ಒಪ್ಪಿ ಕೂಡುವ ವಯಸ್ಕರ ಸಲಿಂಗ ಪ್ರೇಮ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ಪರದೇಶದಿಂದ ಬಂದದ್ದು ಆ ಪ್ರೇಮವಲ್ಲ, ಅದನ್ನು ಅಪರಾಧವೆಂದ ಕಾನೂನು. ಸರ್ಕಾರ, ಕೋರ್ಟುಗಳು ಇಷ್ಟು ನಡೆದುಬಂದಿರುವಾಗ ಸಮಾಜವಾದಿಗಳ ಮೇ ದಿನ ಅವರ ಹಿಂದೆ ಉಳಿಯಬೇಕೆ?

ನಮ್ಮ ಪಕ್ಷದವರಿಗೆ ಇನ್ನೊಂದು ಮಾತು. ಲೋಹಿಯಾ ಅವರ ಸಪ್ತಕ್ರಾಂತಿಯನ್ನು ಭಾಷಣದಲ್ಲಿ ಎಲ್ಲರೂ ಹೇಳುತ್ತೇವೆ. ಗಂಡು ಹೆಣ್ಣಿನ ಸಮಾನತೆ, ಜಾತಿನಾಶ, ಆರ್ಥಿಕ ಸಮಾನತೆ ಎಂದು ಬೆರಳು ಮಡಿಸುತ್ತ ಹೋಗಿ ಒಂದರ ಬಳಿ ತಡವರಿಸುತ್ತೇವೆ. ಮನುಷ್ಯನ ಖಾಸಗಿ ಬದುಕಿನೊಳಗೆ ಅನ್ಯಾಯವಾಗಿ ಕೈಹಾಕುವುದರ ವಿರುದ್ಧದ ಕ್ರಾಂತಿ ಅದು. ಅದನ್ನು ಲೋಹಿಯಾ ಉಳಿದವುಗಳ ಸಾಲಿನಲ್ಲಿಯೇ ಇಟ್ಟರು. ಆರಕ್ಕೆ ಚಪ್ಪಾಳೆ ತಟ್ಟಿ ಒಂದನ್ನು ನುಂಗಿಕೊಳ್ಳುವವನು ಲೋಹಿಯಾವಾದಿಯಲ್ಲ.

ಇಷ್ಟೆಲ್ಲ ಉಪದೇಶಿಸುವ ನಾವು ಯಾರು? ವಾಚಕರು ಅದನ್ನೂ ತಿಳಿಯಬೇಕು. ನಾವು ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಗ ಏಳನೆಯ ಇಯತ್ತೆಯಲ್ಲಿ ಒಬ್ಬ ಹುಡುಗನಿದ್ದ. ಗಿರಣಿ ಕೆಲಸಗಾರನ ಮಗ. ಪ್ರಾರ್ಥನೆಯ ವೇಳೆ ಅವನ ಕಂಠ ಉಳಿದ ಹುಡುಗರ ಕಂಠಗಳ ಮೇಲೆ ತೇಲುತ್ತಿತ್ತು. ಅವನ ನಡಿಗೆಗೆ ಹುಡುಗರು ಒಂದು ಹೆಸರಿಟ್ಟಿದ್ದರು. ಒಂದು ದಿನ ಹಾಜರಿ ಕೂಗುವಾಗ ನಾವೂ ಅವನನ್ನು ಆ ಹೆಸರಿನಿಂದಲೇ ಕೂಗಿದೆವು. ತರಗತಿ ನಕ್ಕಿತು. ಮಕ್ಕಳನ್ನು ನಗಿಸಿದೆವೆಂದು ನಮಗೂ ಹಿಗ್ಗಾಯಿತು. ಅವನು "ಹಾಜರ್" ಎಂದ. ದಸರೆಯ ರಜೆ ಮುಗಿದ ಮೇಲೆ ಅವನು ಬರಲಿಲ್ಲ. ಬೆಂಗಳೂರಿನ ಬಸ್ಸು ಹತ್ತಿದನೆಂದು ಅವನ ತಂದೆ ಹೇಳಿದರು, ಮತ್ತೇನೂ ಹೇಳಲಿಲ್ಲ. ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮೇಲೆ ಗೆರೆ ಎಳೆದವರೂ ನಾವೇ. ಮೇ ದಿನದ ವೇದಿಕೆಯ ಮೇಲೆ ನಾವು ಬಾಯಿ ಬಿಡದೆ ಕುಳಿತದ್ದು, ಹಾಗೆ ನೋಡಿದರೆ, ಎರಡನೆಯ ಸಲ. ಮೂರನೆಯ ಸಲ ಹಾಗಾಗಬಾರದೆಂದು ಇದನ್ನು ಬರೆಯುತ್ತಿದ್ದೇವೆ.

ಮುಂದಿನ ತಿಂಗಳ ಸಂಘದ ಸಾಮಾನ್ಯ ಸಭೆಯಲ್ಲಿ ಒಂದು ಗೊತ್ತುವಳಿ ಬರಲಿದೆ. ಗೋದಾಮುಗಳಲ್ಲಿ, ಹೊಲಿಗೆ ಕಾರ್ಖಾನೆಗಳಲ್ಲಿ, ಕಸ ಗುಡಿಸುವ ಗುತ್ತಿಗೆಯಲ್ಲಿ ದುಡಿಯುವ ಯಾರಿಗೇ ಆಗಲಿ, ಗಂಡೋ ಹೆಣ್ಣೋ ಮಂಗಳಮುಖಿಯೋ ಎಂದು ಕೇಳದೆ ಸದಸ್ಯತ್ವದ ಚೀಟಿ ಕೊಡಬೇಕೆಂಬುದು ಅದರ ಮೊದಲ ಭಾಗ. ಬರುವ ಮೇ ದಿನದಂದು ಅದೇ ತಂಡವನ್ನು ಕರೆದು ಪೂರ್ತಿ ಹಾಡಿಸಬೇಕೆಂಬುದು ಎರಡನೆಯದು. ಮೊದಲ ಭಾಗಕ್ಕೆ ಕೈ ಎತ್ತಿ ಎರಡನೆಯದಕ್ಕೆ ಇಳಿಸುವ ವಿಚಾರ ಕೆಲವರಿಗಿದೆಯೆಂದು ಕೇಳಿದ್ದೇವೆ. ಚಂದಾ ಬೇಕು, ಹಾಡು ಬೇಡ ಎಂಬ ಆ ವ್ಯವಹಾರ ಅಮೆರಿಕೆಯ ಕುಣಿತದವನಿಗೆ ಒಪ್ಪೀತು, ನಮ್ಮ ಸಂಘಕ್ಕೆ ಒಪ್ಪದು.

ಬೆಳಗಿನ ಪಾಳಿಯವರು ಪಾಳಿ ಮುಗಿಸಿ ನೇರವಾಗಿ ಸಭೆಗೆ ಬನ್ನಿ. ವ್ಯಾಪಾರಿ ಮಿತ್ರರು ಒಂದು ತಾಸು ಅಂಗಡಿಯ ಬಾಗಿಲು ಎಳೆದು ಬನ್ನಿ. ವಿರೋಧವಿದ್ದವರೂ ಬನ್ನಿ, ಎದ್ದು ನಿಂತು ನಿಮ್ಮ ಮಾತು ಹೇಳಿ. ಉತ್ತರ ಕೊಡುವುದಕ್ಕೆ ಈ ಸಲ ನಾವು ಕುಳಿತಿರುವುದಿಲ್ಲ.